ಪಾಲಾದರೂ ಒಡೆಯದ ಕೋಟೆ

ಕೊಬ್ಲೆಂಜ್, ಜರ್ಮನಿ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ.

ಪಾಲಾದ ಮನೆ ಉಳಿಯುವುದಿಲ್ಲ ಅನ್ನುತ್ತೀರಲ್ಲ, ಅದಕ್ಕೊಂದು ಅಪವಾದ ಇಲ್ಲೇ ಹತ್ತಿರದಲ್ಲಿದೆ: ಎಲ್ಟ್ಸ್ ಕೋಟೆ. ಸುಮಾರು 70 ಮೀಟರ್ ಎತ್ತರದ ಬಂಡೆ, ಮೂರು ಕಡೆ ಸುತ್ತುವ ಹಳ್ಳ, ಅದರಾಚೆ ಕಾಡು. 1157ರ ಒಂದು ದಾನಪತ್ರಕ್ಕೆ ಈ ಮನೆತನದ ರುಡಾಲ್ಫ್ ಸಾಕ್ಷಿ. ಇವತ್ತಿಗೂ ಕೋಟೆ ಆ ವಂಶದವರ ಸ್ವಂತ ಆಸ್ತಿ.

1268ರ ಹೊತ್ತಿಗೆ ಮೂವರು ಅಣ್ಣತಮ್ಮಂದಿರು ಬೇರೆಯಾದರು. ಆದರೆ ಕೋಟೆಯನ್ನು ಕತ್ತರಿಸಲಿಲ್ಲ. ಹೆಬ್ಬಾಗಿಲೂ ನಡುವಿನ ಅಂಗಳವೂ ಎಲ್ಲರದ್ದು, ಸುತ್ತ ಒಂದೊಂದು ಕವಲಿಗೆ ಒಂದೊಂದು ಮನೆ. ಯಾರ ಹಕ್ಕು ಎಲ್ಲಿಯವರೆಗೆ ಅಂತ ಒಪ್ಪಂದಪತ್ರ ಬೇರೆ. ಬಂಡೆಯೇನು ಅಗಲವಾಗುತ್ತದೆಯೇ? ಹಾಗಾಗಿ ಎಲ್ಲರೂ ಮೇಲಕ್ಕೇ ಕಟ್ಟಿದರು. ರ್ಯೂಬೆನಾಖ್ ಕವಲಿನ ಮನೆ ಮುಗಿದದ್ದು 1472ರಲ್ಲಿ, ಕೆಂಪೆನಿಖ್ ಕವಲಿನದು 17ನೇ ಶತಮಾನದಲ್ಲಿ. ಗೋಡೆ ಬಂಡೆಯ ಅಂಚನ್ನೇ ಹಿಡಿದು ಹೋಗಿರುವುದರಿಂದ ಎಷ್ಟೋ ಕೋಣೆಗಳಿಗೆ ಮೂಲೆಮಟ್ಟ ಹಿಡಿದರೆ ಕೂಡುವುದಿಲ್ಲ. ಕೆಳಗೆ ದಪ್ಪ ಕಲ್ಲುಗೋಡೆ, ಮೇಲೆ ಭಾರ ಇಳಿಸಲು ಮರದ ಚೌಕಟ್ಟು. ಆ ಕಾಲಕ್ಕೇ ಸುಮಾರು 20 ಶೌಚಾಲಯ, ತೊಳೆಯಲು ಮಳೆನೀರು!

ಇದನ್ನು ಅಜ್ಜಿಗೆ ಹೇಳಿ. ರ್ಯೂಬೆನಾಖ್ ಮನೆಯ ಮಲಗುವ ಕೋಣೆಯಲ್ಲಿ ಪ್ರಾರ್ಥನೆಯ ಗೂಡನ್ನು ಗೋಡೆಯಿಂದಾಚೆ ಚಾಚಿ ಕಟ್ಟಿದ್ದಾರೆ. ಪೂಜಾಪೀಠದ ನೆತ್ತಿಯ ಮೇಲೆ ಯಾರೂ ವಾಸವಿರಕೂಡದು, ಆಕಾಶವಷ್ಟೇ ಇರಬೇಕು ಅಂತ. ದೇವರಕೋಣೆಯ ಮೇಲೆ ರೂಮು ಬೇಡ ಅಂತ ಅಜ್ಜಿ ಹಟ ಹಿಡಿದದ್ದೂ ಇದಕ್ಕೇ ತಾನೇ? ಎಲ್ಲ ಕವಲಿನವರೂ ಸೇರುವ ಸಭಾಂಗಣದಲ್ಲಿ ವಿದೂಷಕರ ಮುಖಗಳಿವೆ, ಅಂದರೆ ಇಲ್ಲಿ ಬಾಯಿಬಿಟ್ಟು ಮಾತಾಡಬಹುದು. ಬಾಗಿಲ ಮೇಲೆ ಗುಲಾಬಿ, ಅಂದರೆ ಆಡಿದ ಮಾತು ಹೊಸಿಲು ದಾಟಕೂಡದು. ನಮ್ಮ ಪಂಚಾಯಿತಿ ಕಟ್ಟೆಗೂ ಒಂದು ಗುಲಾಬಿ ಬೇಕಿತ್ತು.

1331ರಿಂದ ಐದು ವರ್ಷ ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ ಎದುರು ಗುಡ್ಡದಲ್ಲೇ ಕೋಟೆ ಕಟ್ಟಿ ಕಲ್ಲುಗುಂಡು ಎಸೆಸಿದ. ಎಲ್ಟ್ಸ್ ಮನೆತನದವರು ಮಣಿದರು, ಮನೆ ಉಳಿಯಿತು. 1815ರಲ್ಲಿ ಕೆಂಪೆನಿಖ್ ಕವಲಿನವರು ಉಳಿದ ಪಾಲನ್ನೂ ಕೊಂಡು ಒಬ್ಬರೇ ಯಜಮಾನರಾದರು. 1845ರಿಂದ 1888ರವರೆಗಿನ ದುರಸ್ತಿಗೆ 1,84,000 ಮಾರ್ಕ್ ಹೋಯಿತು. 2009ರಿಂದ 2012ರವರೆಗೆ ಮತ್ತೊಂದು ಸುತ್ತು.

ಇಂಥ ಕಟ್ಟಡಕ್ಕೆ ದೊಡ್ಡ ಶತ್ರು ಛಾವಣಿಯ ಮೊಳೆ. ಅದು ತುಕ್ಕು ಹಿಡಿದರೆ ಹೆಂಚಿನ ಬದಲು ಹೊದಿಸಿದ ಸ್ಲೇಟ್ ಕಲ್ಲಿನ ಹಲಗೆ ಜಾರುತ್ತದೆ, ನೀರು ಓಕ್ ತೊಲೆಯ ಕೀಲಿಗೆ ಇಳಿಯುತ್ತದೆ. ಹೊರಗಿಂದ ಏನೂ ಕಾಣದು, ಒಳಗೆ ಲಡ್ಡಾಗಿರುತ್ತದೆ. ನಮ್ಮಲ್ಲೂ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿದಿರಾ? ಬಚ್ಚಲ ಮೇಲಿನ ಮೂಲೆಯನ್ನು ಮರೆಯಬೇಡಿ.

ಇಂತಿ ನಿಮ್ಮ ಮಗಳು