ಬಲೆಯನ್ನೂ ಚಿತ್ರದೊಳಗೆ ತೆಗೆದುಕೋ

ಪ್ರಿಯ ಗೆಳೆಯಾ,

ಧಾರವಾಡದಿಂದ ನೀನು ಕಳುಹಿಸಿದ ಜೇಡಗಳ ಚಿತ್ರಗಳನ್ನೆಲ್ಲ ನೋಡಿದೆ. ಹೊಸ ಮ್ಯಾಕ್ರೋ ಲೆನ್ಸ್ ನಿನ್ನ ಕೈಗೆ ಚೆನ್ನಾಗಿ ಒಗ್ಗಿದೆ, ಕಾಲಿನ ಒಂದೊಂದು ರೋಮವೂ ಎದ್ದು ಕಾಣುತ್ತದೆ. ಆದರೂ ನನ್ನದೊಂದು ತಕರಾರಿದೆ. ಯಾವ ಚಿತ್ರದಲ್ಲಿಯೂ ಬಲೆಯೇ ಇಲ್ಲ. ದುಂಡು ಬಲೆ ಹೆಣೆಯುವ ಜೇಡವನ್ನು ಬಲೆಯಿಂದ ಬಿಡಿಸಿ ತೋರಿಸಿದರೆ ಅದರ ಅರ್ಧ ಬದುಕು ಚಿತ್ರದ ಆಚೆಗೇ ಉಳಿದುಬಿಡುತ್ತದೆ. ಎಂಟು ಕಣ್ಣುಗಳಿದ್ದರೂ ಇವುಗಳ ದೃಷ್ಟಿ ಬಹಳ ಮಂದ. ಕಾಲುಗಳನ್ನು ಎಳೆಗಳ ಮೇಲೆ ಊರಿ ಕುಳಿತು, ಬಿದ್ದದ್ದು ನೊಣವೋ ಒಣ ಎಲೆಯೋ ಎಂದು ಕಂಪನದಿಂದಲೇ ತಿಳಿದುಕೊಳ್ಳುತ್ತವೆ. ಹಾಗಿರುವಾಗ ಬಲೆಯನ್ನು ಬರಿಯ ಹಿನ್ನೆಲೆ ಎಂದು ಹೇಗೆ ಬಿಟ್ಟುಬಿಡುವುದು?

ಇಲ್ಲಿ ಪುಣೆಯ ಕೋಥ್ರೂಡಿನಲ್ಲಿ ಗಣಪತಿ ಹಬ್ಬ ಮುಗಿದು ಮಳೆ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಸೊಸೈಟಿಯ ಹಿಂಬದಿಯ ತೋಟ ಜೇಡಗಳದ್ದೇ ಆಗುತ್ತದೆ. ದಾಸವಾಳಕ್ಕೂ ತಂತಿ ಬೇಲಿಗೂ ನಡುವೆ ಆರ್ಜಿಯೋಪ್ ಕುಲದ ಹೆಣ್ಣು ಜೇಡಗಳು ತಲೆ ಕೆಳಗಾಗಿ, ಕಾಲುಗಳನ್ನು ಎರಡೆರಡಾಗಿ ಜೋಡಿಸಿಕೊಂಡು ಕುಳಿತಿರುತ್ತವೆ. ಬಲೆಯ ನಡುವೆ ಬಿಳಿಯ ದಪ್ಪ ಎಳೆಯ ಅಂಕುಡೊಂಕು ಪಟ್ಟಿಗಳಿರುತ್ತವೆ. ಸಹಿ ಹಾಕಿದಂತೆ ಕಾಣುವುದರಿಂದ ಸಿಗ್ನೇಚರ್ ಜೇಡ ಎಂದು ಕರೆಯುವುದು ಇದನ್ನೇ. ಈ ಪಟ್ಟಿ ಯಾಕೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಅತಿನೇರಳೆ ಬೆಳಕನ್ನು ಪ್ರತಿಫಲಿಸಿ ಕೀಟಗಳನ್ನು ಸೆಳೆಯುತ್ತದೆ ಎನ್ನುವವರಿದ್ದಾರೆ. ಹಕ್ಕಿಗಳು ಹಾರುತ್ತಾ ಬಂದು ಬಲೆ ಹರಿಯದಂತೆ ಇದು ಎಚ್ಚರಿಸುತ್ತದೆ ಎಂಬುದು ಇನ್ನೊಂದು ವಾದ. ಜೇಡವನ್ನೇ ಮರೆಮಾಚುತ್ತದೆ ಎಂಬುದು ಮತ್ತೊಂದು. ನೀನೇ ಗಮನಿಸಿ ನೋಡು: X ಆಕಾರದ ಈ ಪಟ್ಟಿಯ ನಾಲ್ಕೂ ತೋಳುಗಳು ಯಾವಾಗಲೂ ಇರುವುದಿಲ್ಲ. ಒಂದು ದಿನ ಎರಡು, ಮರುದಿನ ಒಂದೇ ಒಂದು, ಕೆಲವೊಮ್ಮೆ ಏನೂ ಇಲ್ಲ. ಮರಿಗಳ ಬಲೆಯಲ್ಲಂತೂ ಅದು ನಡುವೆ ಬಿಲ್ಲೆಯ ಆಕಾರದಲ್ಲಿರುತ್ತದೆ. ಒಂದೇ ಬಲೆಯನ್ನು ದಿನವೂ ಬೆಳಿಗ್ಗೆ ಅದೇ ಜಾಗದಲ್ಲಿ ನಿಂತು ತೆಗೆದರೆ ಈ ಬದಲಾವಣೆ ಕಣ್ಣಿಗೆ ಕಟ್ಟುತ್ತದೆ. ನನಗೆ ಈ ಹವ್ಯಾಸದಲ್ಲಿ ಅತ್ಯಂತ ಸಂತೋಷ ಕೊಡುವುದು ಇದೇ. ಹೊಸ ಹೊಸ ಜಾತಿಗಳನ್ನು ಬೇಟೆಯಾಡುವುದಕ್ಕಿಂತ ಒಂದು ಜೇಡದ ಪರಿಚಯ ಬೆಳೆಸಿಕೊಳ್ಳುವುದು ದೊಡ್ಡದು ಎಂದೇ ನಾನು ತಿಳಿದಿದ್ದೇನೆ.

ಪೂರ್ತಿ ಬಲೆಯನ್ನು ತೆಗೆದಾಗ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಜೇಡ ಕುಳಿತ ಜಾಗ ಬಲೆಯ ನಟ್ಟನಡುವೆ ಇರುವುದಿಲ್ಲ, ತುಸು ಮೇಲಕ್ಕಿರುತ್ತದೆ. ಮೇಲಕ್ಕೆ ಹತ್ತುವುದಕ್ಕಿಂತ ಕೆಳಕ್ಕೆ ಓಡುವುದು ಬೇಗ. ಆದ್ದರಿಂದ ಕೆಳಭಾಗವನ್ನೇ ಹೆಚ್ಚು ವಿಸ್ತಾರವಾಗಿ ಹೆಣೆಯುತ್ತದೆ. ಅಂಚಿನ ಕಡೆ ಕಣ್ಣು ಹಾಯಿಸಿದರೆ ಪುಟ್ಟ ಕಂದು ಜೇಡವೊಂದು ಸುಮ್ಮನೆ ಕಾಯುತ್ತಿರುವುದು ಕಾಣಬಹುದು. ಅದು ಗಂಡು. ಕೂಡುವ ಹೊತ್ತಿನಲ್ಲಿ ಎಷ್ಟೋ ಗಂಡುಗಳು ಹೆಣ್ಣಿನ ಬಾಯಿಗೇ ಬೀಳುತ್ತವೆ. ದಾಂಡೇಲಿಯಲ್ಲಿ ಕಂಡೆನೆಂದು ನೀನು ಬರೆದ ಹೊಂಬಣ್ಣದ ಎಳೆ ನೂಲುವ ದೈತ್ಯ ಜೇಡ ನೆಫಿಲಾದ್ದೂ ಇದೇ ಕಥೆ, ಅಲ್ಲಿ ಗಾತ್ರದ ಅಂತರ ಇನ್ನೂ ಹೆಚ್ಚು. ಅದರ ಬಲೆಯಲ್ಲಿ ಬೆಳ್ಳಿಯ ಹನಿಯಂತಹ ಅರ್ಜಿರೋಡೀಸ್ ಎಂಬ ಚಿಕ್ಕ ಜೇಡಗಳು ಬಿಡಾರ ಹೂಡಿ, ಸಿಕ್ಕಿಬಿದ್ದ ಸಣ್ಣ ಕೀಟಗಳನ್ನು ಕದಿಯುತ್ತವೆ. ನೀನು ಕಳುಹಿಸಿದ ಚಿತ್ರದಲ್ಲಿ ಗಂಡೂ ಇಲ್ಲ, ಕಳ್ಳರೂ ಇಲ್ಲ. ಅವೆಲ್ಲ ಚೌಕಟ್ಟಿನ ಹೊರಗಿದ್ದಿರಬೇಕು.

ತೆಗೆಯುವ ಬಗೆಯ ಕುರಿತು ನನ್ನ ಅನುಭವ ಹೇಳುತ್ತೇನೆ. ಕ್ಯಾಮೆರಾದ ಹಿಂಬದಿ ಬಲೆಗೆ ಸಮಾನಾಂತರವಾಗಿರಲಿ. ಸ್ವಲ್ಪ ಓರೆಯಾದರೂ ಅರ್ಧ ಬಲೆ ಮಸುಕಾಗುತ್ತದೆ. ಆಟೋಫೋಕಸ್ ಎಳೆಗಳ ನಡುವಿನಿಂದ ನುಸುಳಿ ಹಿಂದಿನ ಗೋಡೆಯನ್ನು ಹಿಡಿಯುತ್ತದೆ, ಅದಕ್ಕೇ ಕೈಯಿಂದಲೇ ಫೋಕಸ್ ಮಾಡು. ಬೆಳಗಿನ ಬಿಸಿಲು ಪಕ್ಕದಿಂದ ಅಥವಾ ಹಿಂದಿನಿಂದ ಬೀಳುವಾಗ ಎಳೆಗಳು ಹೊಳೆಯುತ್ತವೆ. ಹಿನ್ನೆಲೆ ಬೆಳ್ಳಗಿದ್ದರೆ ಮಾರುದೂರದಲ್ಲಿ ಯಾರಿಂದಾದರೂ ಕಪ್ಪು ಕೊಡೆ ಹಿಡಿಸು, ಇಡೀ ಬಲೆ ತಾನಾಗಿ ಎದ್ದುಬರುತ್ತದೆ. ತೀರ ಹತ್ತಿರ ಹೋಗಿ ಉಸಿರು ಬಿಟ್ಟರೆ ಆರ್ಜಿಯೋಪ್ ಬಲೆಯನ್ನೇ ಜೋರಾಗಿ ಅಲುಗಾಡಿಸುತ್ತದೆ, ಇಲ್ಲವೇ ಎಳೆ ಹಿಡಿದು ಕೆಳಗೆ ಇಳಿದುಬಿಡುತ್ತದೆ. ಆಗ ಅಲ್ಲಿಂದ ಸರಿದು ಕಾಯುವುದೊಂದೇ ದಾರಿ.

ಬಲೆ ಕಾಣಲೆಂದು ಹಿಟ್ಟು ಉದುರಿಸುವ ರೂಢಿ ಕೆಲವರಲ್ಲಿದೆ. ದಯವಿಟ್ಟು ಮಾಡಬೇಡ. ಅಂಟು ಹನಿಗಳ ಮೇಲೆ ಹಿಟ್ಟು ಕೂತರೆ ಹುಳ ಅಂಟುವುದಿಲ್ಲ, ಜೇಡಕ್ಕೆ ಆ ದಿನದ ಊಟ ಹೋಯಿತು. ನೀರು ಸಿಂಪಡಿಸಿ ಇಬ್ಬನಿ ಎಂದು ತೋರಿಸುವುದೂ ನನಗೆ ಹಿಡಿಸುವುದಿಲ್ಲ. ಚಳಿಗಾಲ ಬಂದಾಗ ನಿಜವಾದ ಇಬ್ಬನಿಯೇ ಬೀಳುತ್ತದೆಯಲ್ಲ.

ರಾತ್ರಿಯ ಜೇಡಗಳನ್ನು ಮರೆಯಬೇಡ. ನಿಯೋಸ್ಕೋನಾ ಕುಲದ ಕೆಲವು ಸಂಜೆಗತ್ತಲಲ್ಲಿ ಬಲೆ ಹೆಣೆದು, ಬೆಳಗಾಗುವ ಮುನ್ನ ಅದನ್ನೇ ತಿಂದು, ಎಲೆಯ ಮರೆಗೆ ಹೋಗುತ್ತವೆ. ತಿಂದ ರೇಷ್ಮೆಯ ಪ್ರೋಟೀನು ಮರುದಿನದ ಎಳೆಗೆ ಒದಗುತ್ತದೆ. ಹೆಣೆಯುವುದನ್ನು ಮೊದಲಿನಿಂದ ನೋಡಬೇಕು. ಮೊದಲು ಗಾಳಿಗೆ ಒಂದು ಎಳೆ ತೇಲಿಬಿಟ್ಟು ಆಚೆಯ ಕೊಂಬೆಗೆ ಸೇತುವೆ ಹಾಕುತ್ತದೆ. ಆಮೇಲೆ ನಡುವಿನಿಂದ ಅಂಚಿಗೆ ಚಾಚುವ ಎಳೆಗಳು. ಇವುಗಳಲ್ಲಿ ಅಂಟಿಲ್ಲ, ಜೇಡ ಓಡಾಡುವುದು ಇವುಗಳ ಮೇಲೆ. ಬಳಿಕ ಒಳಗಿನಿಂದ ಹೊರಕ್ಕೆ ಅಂಟಿಲ್ಲದ ಒಂದು ವಿರಳ ಸುರುಳಿ ಸುತ್ತುತ್ತದೆ. ಕೊನೆಗೆ ಹೊರಗಿನಿಂದ ಒಳಕ್ಕೆ ಅಂಟಿನ ಸುರುಳಿಯನ್ನು ಇಡುತ್ತಾ, ಮೊದಲಿನ ಸುರುಳಿಯನ್ನು ಮೆಟ್ಟಿಲಾಗಿ ಬಳಸಿಕೊಂಡು ಕತ್ತರಿಸುತ್ತಾ ಬರುತ್ತದೆ. ಕೆಂಪು ಬೆಳಕಿನ ಟಾರ್ಚ್ ಸಾಕು. ಅಲ್ಲಿ ಕ್ಯಾಮೆರಾ ಕೆಳಗಿಟ್ಟು ಬರಿಗಣ್ಣಿನಿಂದ ನೋಡಿದರೂ ನಷ್ಟವಿಲ್ಲ.

ಜಾತಿಯ ಹೆಸರಿಗಾಗಿ ಅವಸರಪಡಬೇಡ. ಜೇಡ ತಜ್ಞ ಬಿ. ಕೆ. ಟಿಕಾದರ್ 1963ರಲ್ಲಿ ಪುಣೆ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಮಹಾರಾಷ್ಟ್ರ ಮತ್ತು ಮೈಸೂರು ರಾಜ್ಯಗಳ ಜೇಡಗಳ ಬಗ್ಗೆ ಬರೆದಿದ್ದರು. ನಿನ್ನ ರಾಜ್ಯ, ನನ್ನ ರಾಜ್ಯ ಎರಡೂ ಒಂದೇ ಅಧ್ಯಯನದಲ್ಲಿ ಸೇರಿದ್ದು ನನಗೆ ಬಹಳ ಇಷ್ಟ. ಈ ಜೇಡಗಳನ್ನು ಖಚಿತವಾಗಿ ಗುರುತಿಸಲು ಬಹಳ ಸಲ ಹೆಣ್ಣಿನ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ, ಫೋಟೋ ಸಾಲದು. ಬೆನ್ನು, ಹೊಟ್ಟೆ ಎರಡೂ ಬದಿಗಳಿಂದ ಚಿತ್ರ ತೆಗೆದು, ಆರ್ಜಿಯೋಪ್ ಎಂದಷ್ಟೇ ಬರೆದಿಟ್ಟರೆ ಅದೇ ಪ್ರಾಮಾಣಿಕ ದಾಖಲೆ.

ನವರಾತ್ರಿ ಹತ್ತಿರ ಬಂತು, ಅಲ್ಲಿಯೂ ಇಲ್ಲಿಯೂ ಪೊರಕೆ ಹೊರಬರುವ ಕಾಲ. ಮನೆಯ ಮೂಲೆಯಲ್ಲಿ ಧೂಳು ಹಿಡಿದು ಜೋತಾಡುವ ಬಲೆಗಳನ್ನು ಹೊಡೆಯಲಿ. ತೋಟದ ಬಲೆಗಳಿಗೆ ಕೈ ಹಚ್ಚಬೇಡಿ ಎಂದು ನಮ್ಮ ಮಾಳಿ ಕಾಕಾ ಅವರಿಗೆ ಹೇಳಿದ್ದೇನೆ. ನೀನೂ ನಿನ್ನ ಮನೆಯಲ್ಲಿ ಹೇಳು. ಮುಂದಿನ ಸಲ ಕತ್ತರಿಸದ ಚಿತ್ರವನ್ನೇ ಕಳುಹಿಸು. ಯಾವ ಗಿಡ, ನೆಲದಿಂದ ಎಷ್ಟು ಎತ್ತರ, ಎಷ್ಟು ಹೊತ್ತಿಗೆ ತೆಗೆದದ್ದು ಎಂಬುದನ್ನೂ ಜೊತೆಗೆ ಬರೆ.

ಇಂತಿ ನಿನ್ನ,
ಪುಣೆಯ ಗೆಳೆಯ