ಎರಡು ಭಾನುವಾರ, 38 ಕಾರು, ಒಂದು ಗೋದಾಮಿನ ಅಂಗಳ

ಎರಡನೇ ಭಾನುವಾರವೂ ಮುಗಿಯಿತು. 38 ಕಾರು ಬಂದವು, 38 ಕಾರೂ ಬಂದ ಹಾಗೇ ಮನೆಗೆ ಹೋದವು. ಯಾರಿಗೂ ಒಂದು ತರಚು ಗಾಯ ಕೂಡ ಆಗಲಿಲ್ಲ. ಕಾರು ಓಡಿಸಿ ಅನುಭವ ಇರುವವರಿಗೇ ಗಟ್ಟಿಯಾಗಿ ಬ್ರೇಕ್ ಒತ್ತುವ, ಸ್ಟೇರಿಂಗ್ ತಿರುಗಿಸುವ ಅಭ್ಯಾಸ ಮಾಡಿಸುವ ಇಂಥ ಶಿಬಿರವನ್ನು ಹಾಸನದ ನಮ್ಮ ಕಾರು ಬಳಗ ಮಾಡಿದ್ದು ಇದೇ ಮೊದಲು. ಇದಕ್ಕಾಗಿ ಐದು ತಿಂಗಳು ಓಡಾಡಿದವರು, ನಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಹೆಸರಿಲ್ಲದೆ ಹೇಳುತ್ತೇನೆ. ಅವರವರಿಗೆ ಗೊತ್ತಾಗುತ್ತದೆ.

ಶುರುವಾದದ್ದು ನನ್ನ ಕಾರಿನಿಂದ. ಕಳೆದ ಮಳೆಗಾಲದಲ್ಲಿ ಸಕಲೇಶಪುರದಿಂದ ವಾಪಸ್ ಬರುವಾಗ ರಸ್ತೆಗೆ ಕರು ನುಗ್ಗಿತು. ಬ್ರೇಕ್ ಒತ್ತಿದೆ. ಪೆಡಲ್ ಕಾಲಿನ ಕೆಳಗೆ ಗಡಗಡ ಅಂತು. ಏನೋ ಮುರಿಯಿತು ಅಂದುಕೊಂಡು ಕಾಲು ತೆಗೆದೆ. ಕಾರು ಹೋಗಿ ಮೈಲಿಗಲ್ಲಿಗೆ ಬಡಿಯಿತು. ಕರು ಉಳಿಯಿತು, ನಾನೂ ನನ್ನ ಹೆಂಡತಿಯೂ ಉಳಿದೆವು. ಆಮೇಲೆ ಗೊತ್ತಾಯಿತು, ಮುರಿದದ್ದು ಏನೂ ಇರಲಿಲ್ಲ. ಎಬಿಎಸ್, ಅಂದರೆ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ವ್ಯವಸ್ಥೆ, ತನ್ನ ಕೆಲಸ ಮಾಡುತ್ತಿತ್ತು. ಪೆಡಲ್ ನಡುಗಿದ್ದು ಅದರಿಂದ, ನಾನು ಕಾಲು ತೆಗೆಯಬಾರದಿತ್ತು. 22 ವರ್ಷ ಕಾರು ಓಡಿಸಿದ್ದೇನೆ, ಆ ನಡುಕ ನನ್ನ ಕಾಲಿಗೆ ಸಿಕ್ಕಿದ್ದು ಅವತ್ತೇ ಮೊದಲು.

ಇದನ್ನು ತಿಂಗಳ ಸಭೆಯಲ್ಲಿ ಹೇಳುವಾಗ ಗಂಟಲು ಒಣಗಿತ್ತು. ನಾನು ಮುಗಿಸುತ್ತಿದ್ದ ಹಾಗೇ ನಮ್ಮ ಡಾಕ್ಟರಮ್ಮ, 30 ವರ್ಷದಿಂದ ಸ್ಟೇರಿಂಗ್ ಹಿಡಿದವರು, "ನಂಗೂ ಗೊತ್ತಿಲ್ಲಪ್ಪ, ಎಬಿಎಸ್ ಇದೆ ಅಂತ ಷೋರೂಮಲ್ಲಿ ಹೇಳಿದ್ರು, ಅಷ್ಟೇ" ಅಂದರು. ಅಮ್ಮಾ, ಮೊದಲ ಥ್ಯಾಂಕ್ಸ್ ನಿಮಗೇ. ನೀವು ಒಪ್ಪಿಕೊಂಡ ಮೇಲೆ ಬೇರೆಯವರೂ ಬಾಯಿ ಬಿಟ್ಟರು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಬ್ರೇಕನ್ನು ಪೂರ್ತಿ ಒತ್ತಿ ಅದನ್ನು ಅನುಭವಿಸಿದವರು ಯಾರು ಅಂತ ಕೇಳಿದರೆ, ಕೂತಿದ್ದ 20 ಜನರಲ್ಲಿ ಎರಡೇ ಕೈ ಮೇಲೆದ್ದವು.

ಜಾಗ ಸಿಗುವುದೇ ದೊಡ್ಡ ಕಷ್ಟವಾಗಿತ್ತು. ಕೊನೆಗೆ ಒಬ್ಬರು ಆಲೂಗಡ್ಡೆ ಮಂಡಿಯವರು ತಮ್ಮ ಗೋದಾಮಿನ ಸಿಮೆಂಟ್ ಅಂಗಳ ಕೊಟ್ಟರು. ಏಪ್ರಿಲ್, ಮೇ ಬಂದರೆ ಜಲಂಧರದ ಬಿತ್ತನೆ ಗಡ್ಡೆಯ ಲಾರಿಗಳು ಸಾಲು ನಿಲ್ಲುವ ಜಾಗ ಅದು. ಜನವರಿಯಲ್ಲಿ ಖಾಲಿ. ಬಾಡಿಗೆ ಎಷ್ಟು ಅಂತ ಕೇಳಿದ್ದಕ್ಕೆ, "ನನ್ನ ಮಗನ್ನೂ ಸೇರಿಸ್ಕೊಳ್ಳಿ, ಸಾಕು" ಅಂದರು. ಅಣ್ಣಾ, ನಿಮ್ಮ ಮಗ ಎರಡೂ ಭಾನುವಾರ ಬಂದ. ಎರಡನೇ ದಿನ ಕೋನ್ ಜೋಡಿಸುವ ಕೆಲಸ ಪೂರ್ತಿ ಅವನದೇ.

ಅಂಗಳದ ಉದ್ದ 180 ಮೀಟರ್. ನಾವು ಗಂಡಸರೆಲ್ಲ ಸೇರಿ 60 ಕಿ.ಮೀ. ವೇಗದಲ್ಲಿ ಬ್ರೇಕ್ ಅಭ್ಯಾಸ ಅಂತ ತೀರ್ಮಾನ ಮಾಡಿಬಿಟ್ಟಿದ್ದೆವು. ಬಳಗದ ಅತಿ ಚಿಕ್ಕ ಸದಸ್ಯೆ, ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವ ಹುಡುಗಿ, ಒಪ್ಪಲಿಲ್ಲ. ವೇಗ 50ರಿಂದ 60ಕ್ಕೆ ಏರಿದರೆ ಬ್ರೇಕ್ ಹಿಡಿದು ನಿಲ್ಲುವ ದೂರ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ, ನೆಲ ಒದ್ದೆಯಿದ್ದರೆ ಇನ್ನೂ ಜಾಸ್ತಿ, ತಪ್ಪಿದವರಿಗೆ ಗೋಡೆಗೆ ಮೊದಲು ಜಾಗ ಎಲ್ಲಿದೆ ಅಂತ ಕೇಳಿದಳು. ಸುಣ್ಣದ ಪುಡಿ ಹಿಡಿದು ಅಂಗಳದಲ್ಲೇ ಗೆರೆ ಎಳೆದು ತೋರಿಸಿದಳು. 50ಕ್ಕೆ ಇಳಿಸಿದೆವು. ಮೊದಲ ದಿನವೇ ಒಬ್ಬರು ಬ್ರೇಕ್ ಒತ್ತುವುದು ತಡವಾಗಿ ಕೊನೆಯ ಗೆರೆ ದಾಟಿ ನಿಂತರು. ಗೋಡೆ ಇನ್ನೂ ಬಹಳ ದೂರ ಇತ್ತು. ಆಗ ನಾನು ನಿನ್ನ ಕಡೆ ನೋಡಿದೆ ಕಣಮ್ಮ, ನೀನು ಆಗಲೇ ಮುಂದಿನ ಕಾರಿಗೆ ಬಾವುಟ ತೋರಿಸುತ್ತಿದ್ದೆ. ಅವತ್ತು ಹೇಳಲಾಗದ್ದನ್ನು ಇವತ್ತು ಹೇಳುತ್ತಿದ್ದೇನೆ.

ಅನುಭವ ಇರುವವರಿಗೆ ಕಲಿಸುವುದು ಹೊಸಬರಿಗೆ ಕಲಿಸಿದ ಹಾಗಲ್ಲ. "ನೀವು ತಪ್ಪು ಮಾಡ್ತಿದ್ದೀರಿ" ಅಂದರೆ ಕಿವಿಯೇ ಮುಚ್ಚಿಹೋಗುತ್ತದೆ. ಇದು ಚೆನ್ನಾಗಿ ಗೊತ್ತಿದ್ದವರು ನಮ್ಮ ನಿವೃತ್ತ ಬಸ್ ಚಾಲಕರು. ಶಿರಾಡಿ ಘಾಟಿಯಲ್ಲಿ ವರ್ಷಗಟ್ಟಲೆ ರಾತ್ರಿ ಬಸ್ ಇಳಿಸಿದವರು. ಯಾರಿಗೂ ತಪ್ಪು ಅನ್ನಲಿಲ್ಲ. ಕಾರು ನಿಂತ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಟೇಪು ಹಿಡಿದು ಅಳೆದು, "ಇನ್ನೊಂದ್ಸಲ ನೋಡಣ ಬನ್ನಿ ಸಾರ್" ಅನ್ನುತ್ತಿದ್ದರು. ಮೊದಲ ಸಲ 22 ಮೀಟರ್ ತೆಗೆದುಕೊಂಡವರು ಮೂರನೇ ಸಲಕ್ಕೆ 15ರಲ್ಲಿ ನಿಂತರು. ಕಾರು ಅದೇ, ಟೈರ್ ಅದೇ. ಕಾಲು ಮಾತ್ರ ಅಂಜದೆ ಒತ್ತಿಯೇ ಹಿಡಿದಿತ್ತು. ಕೋನ್‌ಗಳ ಮಧ್ಯೆ ಹಾವಿನ ಹಾಗೆ ತಿರುಗಿಸುವಾಗ ಅವರು ಪಕ್ಕದಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದರು: "ಕೋನ್ ನೋಡ್ಬೇಡಿ, ಹೋಗ್ಬೇಕಾದ ಜಾಗ ನೋಡಿ. ಕಣ್ಣು ಹೋದ ಕಡೆಗೇ ಗಾಡಿ ಹೋಗೋದು." ಅಪ್ಪಾಜಿ, ಈಗ ನಾನು ಹಾಲು ತರಲು ಹೋಗುವಾಗಲೂ ಆ ಮಾತು ಕಿವಿಯಲ್ಲಿರುತ್ತದೆ.

ಎಬಿಎಸ್ ಇಲ್ಲದ ಮೂರು ಹಳೇ ಕಾರು ಬಂದಿದ್ದವು. ಅವುಗಳಲ್ಲಿ ಚಕ್ರ ಜಾಮ್ ಆಯಿತೆಂದರೆ ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ಅವರಿಗೆ ಬೇರೆಯದೇ ಪಾಠ ಬೇಕಿತ್ತು. ಅವರನ್ನು ಬೇರೆ ಸಾಲಿಗೆ ಕರೆದುಕೊಂಡು ಹೋಗಿ ಬಿಸಿಲಲ್ಲಿ ನಿಂತು ಹೇಳಿಕೊಟ್ಟ ಮೆಕ್ಯಾನಿಕ್ ಅಣ್ಣನಿಗೆ ನಮಸ್ಕಾರ. ಬೆಳಗ್ಗೆ 6 ಗಂಟೆಗೇ ಬಂದು ಪ್ರತಿ ಕಾರಿನ ಗಾಳಿ, ಚಕ್ರದ ನಟ್ಟು, ಬ್ಯಾಟರಿ ಕ್ಲಾಂಪ್ ನೋಡಿದವರೂ ಅವರೇ. ಸೀಟಿನ ಕೆಳಗಿನ ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲ್ ಹಿಂದೆ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಒಂದು ಸಲ ತೋರಿಸಿದರು. ಅದಾದ ಮೇಲೆ ಎಲ್ಲರೂ ಸುಮ್ನೆ ಕಾರು ಖಾಲಿ ಮಾಡಿದರು.

ನೆಲ ಒದ್ದೆ ಮಾಡಲು ನೀರು ಕೊಟ್ಟವರು ಪಕ್ಕದ ಹೊಲದವರು. ಕೃಷಿ ಹೊಂಡದಿಂದ ಪೈಪು ಎಳೆದು ಕೊಟ್ಟರು. ನೀರು ಹಾಳಾಗುತ್ತದಲ್ಲ ಅಂತ ನಮಗೇ ಸಂಕೋಚ. ಅವರು ಇಳಿಜಾರು ನೋಡಿ ಚಿಕ್ಕ ಕಾಲುವೆ ತೋಡಿ, ಹರಿದ ನೀರನ್ನು ತಮ್ಮ ತೆಂಗಿನ ಬುಡಕ್ಕೇ ತಿರುಗಿಸಿಕೊಂಡರು.

ವಿಮೆಯ ಕಾಗದ ಸಾಲು ಸಾಲಾಗಿ ಓದಿದ ವಕೀಲರಿಗೂ ಋಣಿ. ಸಾಮಾನ್ಯ ಕಾರು ವಿಮೆ ರೇಸಿಗೂ ವೇಗ ಪರೀಕ್ಷೆಗೂ ಅನ್ವಯಿಸುವುದಿಲ್ಲ ಅಂತ ಅವರು ಮೊದಲೇ ಎಚ್ಚರಿಸಿದ್ದರಿಂದ ಸ್ಟಾಪ್‌ವಾಚ್, ಬಹುಮಾನ ಎರಡನ್ನೂ ಕೈಬಿಟ್ಟೆವು. ಯಾರು ಫಸ್ಟ್ ಅಂತ ಯಾರೂ ಕೇಳಲಿಲ್ಲ. ಅದರಿಂದ ದಿನವೇ ಹಗುರವಾಯಿತು.

ಆಂಬುಲೆನ್ಸ್‌ನಲ್ಲಿ ಎರಡು ದಿನ ಸುಮ್ಮನೆ ಕೂತಿದ್ದ ತಮ್ಮಂದಿರೇ, ನೀವು ಸುಮ್ಮನೆ ಕೂರುವ ಹಾಗಾದದ್ದೇ ನಮ್ಮ ಪುಣ್ಯ. ಅವರೆಕಾಳು ಉಪ್ಪಿಟ್ಟು, ಅಕ್ಕಿ ರೊಟ್ಟಿ ಮಾಡಿಕೊಟ್ಟ ಅಕ್ಕಂದಿರೇ, ಎರಡನೇ ವಾರವೂ ಅದೇ ಬೇಕು ಅಂತ ಎಲ್ಲರೂ ಕೇಳಿದ್ದು ನಿಮಗೆ ತಲುಪಿದೆ ಅಲ್ವಾ?

ಹೋದ ಗುರುವಾರ ಒಬ್ಬ ಸದಸ್ಯರು ದೋಣಿಗಾಲ್ ಹತ್ತಿರದಿಂದ ಫೋನ್ ಮಾಡಿದ್ದರು. ಮುಂದಿದ್ದ ಲಾರಿ ತಿರುವಿನಲ್ಲಿ ಗಕ್ಕನೆ ನಿಂತಿತಂತೆ. "ಪೆಡಲ್ ಗಡಗಡ ಅಂತು, ನಾನು ಕಾಲು ತೆಗೀಲಿಲ್ಲ" ಅಂದರು. ಅಷ್ಟು ಹೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೂ ಮಾತು ಬರಲಿಲ್ಲ.

ಕೋನ್‌ಗಳನ್ನು ಟೈರ್ ಅಂಗಡಿಯ ಅಟ್ಟದ ಮೇಲೆ ಇಟ್ಟಿದ್ದೇವೆ. ಸಾಲ ತಂದಿದ್ದ ನಾಲ್ಕು ವಾಕಿಟಾಕಿಯಲ್ಲಿ ಮೂರು ಸಿಕ್ಕಿವೆ. ಇನ್ನೊಂದು ಯಾರ ಕಾರಿನಲ್ಲಾದರೂ ಉಳಿದಿದೆಯಾ ಅಂತ ದಯವಿಟ್ಟು ಒಮ್ಮೆ ನೋಡಿ. ಕೊಟ್ಟವರಿಗೆ ಈ ವಾರವೇ ವಾಪಸ್ ಮುಟ್ಟಿಸಬೇಕು.