ಇಸವಿ ತಪ್ಪಿದ್ದು ಕಳೆಯುವ ಲೆಕ್ಕದಲ್ಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸ್ಲಾವ್ ಜನರ ಮಧ್ಯಯುಗದ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಮೊರಾವಿಯ, ಬಲ್ಗೇರಿಯಗಳ ಹಳೆಯ ಕಥೆ ಕನ್ನಡದಲ್ಲಿ ಓದಲು ಸಿಗುವುದೇ ಅಪರೂಪ. ಆದರೆ ಪಕ್ಕದ ಚೌಕದಲ್ಲಿ ಕೊಟ್ಟ ಇಸವಿ ಪಟ್ಟಿಯ ನಾಲ್ಕು ಸಾಲು ತಿದ್ದಬೇಕಾಗಿದೆ: 855ರಲ್ಲಿ ಸಿರಿಲ್‌ನಿಂದ ಸಿರಿಲಿಕ್ ಲಿಪಿ, 862ರಲ್ಲಿ ರೂರಿಕ್ ಆಗಮನ, 1224ರಲ್ಲಿ ಕಾಲ್ಕಾ ಕದನ, 1237ರಲ್ಲಿ ವ್ಲಾದಿಮಿರ್ ಪಟ್ಟಣದ ಪತನ. ಕೆಳಗೆ ‘ಇಸವಿಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ’ ಎಂದು ಸೇರಿಸಿದ್ದೀರಿ. ಪಾಪ, ಇದರಲ್ಲಿ ವಿದ್ವಾಂಸರ ಜಗಳಕ್ಕಿಂತ ಕಳೆಯುವ ಲೆಕ್ಕದ ಎಡವಟ್ಟೇ ಹೆಚ್ಚು.

ಆ ಕಾಲದ ಬಲ್ಗೇರಿಯ, ಸೆರ್ಬಿಯ, ರುಸ್ (ಇಂದಿನ ರಷ್ಯ, ಉಕ್ರೇನ್ ಕಡೆಯ) ನಾಡುಗಳ ಬರಹಗಾರರು ಕ್ರಿಸ್ತಶಕ ಬಳಸುತ್ತಿರಲಿಲ್ಲ. ಜಗತ್ತಿನ ಸೃಷ್ಟಿಯಿಂದ ಎಣಿಸುತ್ತಿದ್ದರು. ಬೈಜಾಂಟಿಯಮ್, ಅಂದರೆ ಗ್ರೀಕರ ಸಾಮ್ರಾಜ್ಯದ ಲೆಕ್ಕದಲ್ಲಿ ಆ ಸೃಷ್ಟಿ ಕ್ರಿ.ಪೂ. 5509ರ ಸೆಪ್ಟೆಂಬರ್ 1ಕ್ಕೆ. ಹಾಗಾಗಿ ಘಟನೆ ಜನವರಿಯಿಂದ ಆಗಸ್ಟ್ ಒಳಗೆ ನಡೆದಿದ್ದರೆ 5508 ಕಳೆಯಬೇಕು, ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗಾದರೆ 5509. ಶಕವರ್ಷಕ್ಕೆ 78 ಕೂಡಿಸಬೇಕೋ 79 ಕೂಡಿಸಬೇಕೋ, ಗತವೋ ವರ್ತಮಾನವೋ ಎಂದು ನಮ್ಮ ಶಾಸನ ಓದುವವರು ತಲೆ ಕೆರೆದುಕೊಳ್ಳುವುದೂ ಇಂಥದೇ ಪೇಚಿನಲ್ಲಿ.

ರುಸ್ ನಾಡಿನಲ್ಲಿ ಇನ್ನೊಂದು ಗಂಟಿದೆ. ಅವರು ಬೈಜಾಂಟಿಯಮ್‌ನ ವರ್ಷಸಂಖ್ಯೆ ತೆಗೆದುಕೊಂಡರೂ ಹೊಸ ವರ್ಷವನ್ನು ಮಾರ್ಚ್ 1ಕ್ಕೇ ಉಳಿಸಿಕೊಂಡರು. ಕೆಲವರು ಗ್ರೀಕರಿಗಿಂತ ಆರು ತಿಂಗಳು ತಡವಾಗಿ ವರ್ಷ ಶುರುಮಾಡಿದರು, ಕೆಲವರು ಆರು ತಿಂಗಳು ಮೊದಲೇ. ಮೊದಲನೆಯದು ಮಾರ್ಚ್ ವರ್ಷ: ಮಾರ್ಚ್‌ನಿಂದ ಡಿಸೆಂಬರ್‌ವರೆಗೆ 5508 ಕಳೆಯಬೇಕು, ಜನವರಿ–ಫೆಬ್ರವರಿಗೆ 5507. ಎರಡನೆಯದಕ್ಕೆ ಅಲ್ಟ್ರಾಮಾರ್ಚ್ ಎನ್ನುತ್ತಾರೆ: ಅದಕ್ಕೆ ಕ್ರಮವಾಗಿ 5509, 5508. ಒಂದೇ ವೃತ್ತಾಂತದ (ವರ್ಷವರ್ಷದ ಘಟನೆಗಳನ್ನು ಬರೆದಿಟ್ಟ ಗ್ರಂಥದ) ಹಸ್ತಪ್ರತಿಯಲ್ಲಿ ಎರಡೂ ಬೆರೆತಿರುವುದುಂಟು. ಯಾಕೆಂದರೆ ನಕಲು ಮಾಡುವವನು ಬೇರೆ ಬೇರೆ ಊರಿನ ವೃತ್ತಾಂತಗಳಿಂದ ಸಾಲು ಎತ್ತಿಕೊಳ್ಳುವಾಗ ವರ್ಷವನ್ನು ಹೊಂದಿಸುವ ಗೋಜಿಗೆ ಹೋಗುತ್ತಿರಲಿಲ್ಲ.

ಕಾಲ್ಕಾ ಕದನ ಇದಕ್ಕೆ ತಕ್ಕ ಉದಾಹರಣೆ. ಮಂಗೋಲರ ಎದುರು ರುಸ್ ರಾಜರು ಮೊದಲ ಸಲ ಸೋತ ಈ ಯುದ್ಧವನ್ನು ಲಾರೆನ್ಶಿಯನ್ ವೃತ್ತಾಂತ 6731ರಲ್ಲಿ ಇಡುತ್ತದೆ, ನವ್ಗೊರೊದ್‌ನ ಮೊದಲ ವೃತ್ತಾಂತ 6732ರಲ್ಲಿ. ಎರಡರಿಂದಲೂ 5508 ಕಳೆದರೆ 1223 ಮತ್ತು 1224 ಬರುತ್ತವೆ. ಹಳೆಯ ಪುಸ್ತಕಗಳಲ್ಲಿ 1224 ಕಾಣುವುದು ಹೀಗೆ. ನವ್ಗೊರೊದ್‌ನ ನಮೂದು ಅಲ್ಟ್ರಾಮಾರ್ಚ್ ಎಂದು ಗೊತ್ತಾದ ಮೇಲೆ 5509 ಕಳೆದರೆ ಅದೂ 1223ಕ್ಕೇ ಬಂದು ನಿಲ್ಲುತ್ತದೆ. ಕದನದ ದಿನ ಮೇ 31.

ವ್ಲಾದಿಮಿರ್ ಪತನದ ತಪ್ಪು ಬೇರೆ ಥರದ್ದು. ಮಂಗೋಲರ ಬಾತು ಖಾನನ ಸೇನೆ ರಿಯಾಜಾನ್ ಪಟ್ಟಣವನ್ನು ಗೆದ್ದದ್ದು ಡಿಸೆಂಬರ್ 21ಕ್ಕೆ, ವ್ಲಾದಿಮಿರ್ ಪಟ್ಟಣವನ್ನು ಫೆಬ್ರವರಿ 7ಕ್ಕೆ. ಮಾರ್ಚ್ ವರ್ಷದಲ್ಲಿ ಎರಡೂ ಒಂದೇ 6745ರೊಳಗೆ ಬರುತ್ತವೆ. ಅದಕ್ಕೇ ನಿಮ್ಮ ಪಟ್ಟಿ ತಯಾರಿಸಿದವರು ಎರಡನ್ನೂ 1237 ಎಂದುಕೊಂಡಿರಬೇಕು. ಡಿಸೆಂಬರ್‌ಗೆ 5508 ಕಳೆದರೆ 1237 ಸರಿ. ಫೆಬ್ರವರಿಗೆ 5507 ಕಳೆಯಬೇಕು, ಆಗ 1238. ಇದನ್ನು ತಾಳೆ ನೋಡಲು ಇನ್ನೊಂದು ದಾರಿಯೂ ಇದೆ. ಪಟ್ಟಣ ಬಿದ್ದದ್ದು ಭಾನುವಾರ. ಜೂಲಿಯನ್ ಪಂಚಾಂಗದಲ್ಲಿ 1237ರ ಫೆಬ್ರವರಿ 7 ಶನಿವಾರ, 1238ರದ್ದು ಭಾನುವಾರ, 1239ರದ್ದು ಸೋಮವಾರ. 1238ರ ಈಸ್ಟರ್ ಏಪ್ರಿಲ್ 4ಕ್ಕೆ. ಅದಕ್ಕೆ 56 ದಿನ ಮುಂಚೆ, ಅಂದರೆ ಸರಿಯಾಗಿ ಫೆಬ್ರವರಿ 7ಕ್ಕೆ, ಉಪವಾಸದ ದಿನಗಳಿಗೆ ಮುನ್ನ ಮಾಂಸ ಬಿಡುವ ಭಾನುವಾರ. ವಾರವೂ ಹಬ್ಬವೂ ಕೂಡಿಬಂದ ಮೇಲೆ ಅನುಮಾನಕ್ಕೆ ಎಡೆಯಿಲ್ಲ. ತಿಂಗಳು, ವಾರ, ಹಬ್ಬ ಇವುಗಳಲ್ಲಿ ಒಂದಾದರೂ ಇದ್ದರೆ ಮೊದಲು ಅದನ್ನೇ ಹಿಡಿಯಬೇಕು. ವರ್ಷಸಂಖ್ಯೆಗೆ ಆಮೇಲೆ ಕೈಹಾಕಿದರಾಯಿತು.

ವರ್ಷಾರಂಭ ತಪ್ಪಾಗಿ ಹಿಡಿದರೆ ಎಷ್ಟು ಹೆಚ್ಚುಕಡಿಮೆಯಾಗುತ್ತದೆ ಎಂಬುದಕ್ಕೆ ರುಸ್ ನಾಡಿನ ಓಸ್ತ್ರೊಮಿರ್ ಸುವಾರ್ತೆಯ ಹಸ್ತಪ್ರತಿ ನೋಡಿ. ಗ್ರಿಗೋರಿ ಎಂಬ ಡೀಕನ್ (ಪಾದ್ರಿಗಿಂತ ಕೆಳಗಿನ ಚರ್ಚ್ ಸೇವಕ) ಅದನ್ನು 6564ರ ಅಕ್ಟೋಬರ್ 21ಕ್ಕೆ ಶುರುಮಾಡಿ 6565ರ ಮೇ 12ಕ್ಕೆ ಮುಗಿಸಿದ. ಸೆಪ್ಟೆಂಬರ್ ವರ್ಷ ಎಂದರೆ ಬರವಣಿಗೆಗೆ ಒಂದೂವರೆ ವರ್ಷದ ಮೇಲೆ ಹಿಡಿದಂತಾಗುತ್ತದೆ. ಮಾರ್ಚ್ ವರ್ಷ ಎಂದರೆ 1056ರ ಅಕ್ಟೋಬರ್‌ನಿಂದ 1057ರ ಮೇವರೆಗೆ, ಏಳು ತಿಂಗಳೂ ಇಲ್ಲ. 294 ಹಾಳೆಯ ಚರ್ಮದ ಪುಸ್ತಕವದು. ಒಪ್ಪಿತವಾಗಿರುವುದು ಎರಡನೆಯ ಲೆಕ್ಕ.

ಇನ್ನು 855. ಇದರ ಮೂಲ ಖ್ರಾಬರ್ ಎಂಬ ಬಲ್ಗೇರಿಯದ ಸನ್ಯಾಸಿ ಅಕ್ಷರಗಳ ಬಗ್ಗೆ ಬರೆದ ಸಣ್ಣ ಬರಹ. ಲಿಪಿ ಹುಟ್ಟಿದ್ದು 6363ರಲ್ಲಿ ಎನ್ನುತ್ತಾನೆ. 5508 ಕಳೆದರೆ 855. ಆದರೆ ಅದೇ ವಾಕ್ಯದಲ್ಲಿ ಅವನು ನಾಲ್ವರು ಅರಸರ ಹೆಸರು ಹೇಳುತ್ತಾನೆ: ಗ್ರೀಕರ ಮಿಖಾಯಿಲ್, ಬಲ್ಗೇರಿಯದ ಬೋರಿಸ್, ಮೊರಾವಿಯದ ರಸ್ತಿಸ್ಲಾವ್, ಇಂದಿನ ಹಂಗೇರಿಯ ಬಾಲತೋನ್ ಸರೋವರದ ಕಡೆಯ ಕೋತ್ಸೆಲ್. ಮೊದಲ ಮೂವರು 855ಕ್ಕೆ ಹೊಂದುತ್ತಾರೆ, ಕೋತ್ಸೆಲ್ ಹೊಂದುವುದಿಲ್ಲ. ಅವನು ಅಧಿಕಾರಕ್ಕೆ ಬಂದದ್ದೇ 861ರ ಸುಮಾರಿಗೆ, ತಂದೆ ಪ್ರಿಬಿನಾ ಸತ್ತ ಮೇಲೆ. ಸೃಷ್ಟಿಯಿಂದ ಕ್ರಿಸ್ತನವರೆಗೆ ಒಟ್ಟು 5500 ವರ್ಷ ಎನ್ನುವ ಇನ್ನೊಂದು ಲೆಕ್ಕ ಹಿಡಿದರೆ 6363 ಎಂದರೆ 863. ರಸ್ತಿಸ್ಲಾವ್‌ನ ಕೋರಿಕೆಯಂತೆ ಥೆಸಲೊನಿಕಿಯ ಅಣ್ಣತಮ್ಮಂದಿರಾದ ಸಿರಿಲ್, ಮೆಥೋಡಿಯಸ್ ಮೊರಾವಿಯಕ್ಕೆ ಹೋದದ್ದೂ ಅದೇ ವರ್ಷ. ನನ್ನ ಮಟ್ಟಿಗೆ ಕೋತ್ಸೆಲ್ ಒಬ್ಬನೇ 855ನ್ನು ಹೊರಗಟ್ಟಲು ಸಾಕು.

ಅದೇ ಸಾಲಿನಲ್ಲಿ ಲಿಪಿಯ ಹೆಸರೂ ತಪ್ಪಿದೆ. ಸಿರಿಲ್ ರೂಪಿಸಿದ್ದು ಗ್ಲಾಗೊಲಿಟಿಕ್ ಎಂಬ ಬೇರೆ ಲಿಪಿ. ಸಿರಿಲಿಕ್ ಹುಟ್ಟಿದ್ದು ಅವನು 869ರಲ್ಲಿ ರೋಮ್‌ನಲ್ಲಿ ತೀರಿಕೊಂಡ ಮೇಲೆ, ಬಲ್ಗೇರಿಯದಲ್ಲಿ, ಗ್ರೀಕ್ ದೊಡ್ಡಕ್ಷರಗಳ ಅಚ್ಚಿನ ಮೇಲೆ. ಇದು ಬರೀ ಹೆಸರಿನ ಪ್ರಶ್ನೆಯಲ್ಲ, ಅಂಕಿಗಳೂ ಇದರಿಂದಲೇ ಕೆಡುತ್ತವೆ. ಎರಡೂ ಲಿಪಿಯಲ್ಲಿ ಅಕ್ಷರವೇ ಅಂಕಿ. ಗ್ಲಾಗೊಲಿಟಿಕ್‌ನಲ್ಲಿ ವರ್ಣಮಾಲೆಯ ಸಾಲಿನಂತೆ ಅ 1, ಬ 2, ವ 3, ಗ 4, ದ 5. ಸಿರಿಲಿಕ್ ಗ್ರೀಕ್ ಕ್ರಮವನ್ನು ಹಿಡಿದಿದ್ದರಿಂದ ಬ ಅಕ್ಷರಕ್ಕೆ ಬೆಲೆಯೇ ಇಲ್ಲ: ಅ 1, ವ 2, ಗ 3, ದ 4. ಗ್ಲಾಗೊಲಿಟಿಕ್ ಹಸ್ತಪ್ರತಿಯನ್ನು ಸಿರಿಲಿಕ್‌ಗೆ ಇಳಿಸುವವನು ಬೆಲೆ ನೋಡದೆ ಅಕ್ಷರಕ್ಕೆ ಅಕ್ಷರ ಇಟ್ಟನೋ, 5 ಇದ್ದದ್ದು 4 ಆಗಿಬಿಡುತ್ತದೆ. ಕಣ್ಣಿಗೆ ತಪ್ಪೇನೂ ಕಾಣುವುದಿಲ್ಲ.

ಕೊನೆಯದು 862, ರುಸ್ ಅರಸುಮನೆತನದ ಮೂಲಪುರುಷ ರೂರಿಕ್ ಬಂದನೆನ್ನುವ ವರ್ಷ. ರುಸ್ ನಾಡಿನ ಅತಿ ಹಳೆಯ ವೃತ್ತಾಂತದಲ್ಲಿ 6370 ಎಂದಿದೆ, ಕಳೆದರೆ 862. ಲೆಕ್ಕ ಸರಿ, ಬುನಾದಿ ಸರಿಯಿಲ್ಲ. ಅದೇ ಕೃತಿಯ ಮೊದಲ ಇಸವಿ 6360: ಮಿಖಾಯಿಲ್ ಪಟ್ಟಕ್ಕೆ ಬಂದ ವರ್ಷ, 15ನೇ ಇಂಡಿಕ್ಷನ್ ಎಂದು ಅದರಲ್ಲಿದೆ. ಇಂಡಿಕ್ಷನ್ ಎಂದರೆ 15 ವರ್ಷದ ಸುತ್ತು. ಸೃಷ್ಟಿವರ್ಷವನ್ನು 15ರಿಂದ ಭಾಗಿಸಿದಾಗ ಉಳಿದದ್ದೇ ಅದರ ಸಂಖ್ಯೆ, ಏನೂ ಉಳಿಯದಿದ್ದರೆ 15. ಒಡೆದ ಶಾಸನಗಳಿಗೆ ಇದು ಬಹಳ ಉಪಯೋಗದ್ದು. ಬಲ್ಗೇರಿಯದ ಸಮುಯಿಲ್ ದೊರೆ ತಂದೆ, ತಾಯಿ, ಸೋದರನ ನೆನಪಿಗೆ ಹಾಕಿಸಿದ ಕಲ್ಲಿನಲ್ಲಿರುವ 6501ನ್ನು ಭಾಗಿಸಿದರೆ 6 ಉಳಿಯುತ್ತದೆ, ಅಂದರೆ 6ನೇ ಇಂಡಿಕ್ಷನ್. ವೃತ್ತಾಂತದ 6360, 15ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಸರಿಯಾಗಿ 15ನೇ ಇಂಡಿಕ್ಷನ್. ಆದರೂ 5508 ಕಳೆದರೆ ಬರುವ 852 ಎಂಬುದು ತಪ್ಪು. ಮಿಖಾಯಿಲ್ ಪಟ್ಟಕ್ಕೆ ಬಂದದ್ದು 842ರಲ್ಲಿ. ಇಂಡಿಕ್ಷನ್ ತಾಳೆಯಾಯಿತೆಂದರೆ ವೃತ್ತಾಂತಕಾರನಿಗೆ ಭಾಗಾಕಾರ ಬರುತ್ತಿತ್ತು ಎಂದಷ್ಟೇ ಅರ್ಥ. ಆರಂಭದಲ್ಲೇ ಹತ್ತು ವರ್ಷ ಜಾರಿದ, ಘಟನೆಗಳಾಗಿ ಎರಡು ಶತಮಾನಕ್ಕೂ ಹೆಚ್ಚು ಕಳೆದ ಮೇಲೆ ಕೂಡಿಸಿದ ಪಟ್ಟಿಯಿಂದ ಬಂದ 862ನ್ನು ‘ಸುಮಾರು’ ಎಂಬ ಮಾತಿಲ್ಲದೆ ಅಚ್ಚು ಹಾಕಬಾರದು. ನವ್ಗೊರೊದ್‌ನಲ್ಲಿ ರಷ್ಯದ ಸಾವಿರ ವರ್ಷದ ಸ್ಮಾರಕ 1862ರಲ್ಲಿ ಎದ್ದು ನಿಂತಿದೆ ನಿಜ. ಕಂಚಿನಲ್ಲಿ ಎರಕ ಹೊಯ್ದ ಮಾತ್ರಕ್ಕೆ ಇಸವಿ ಗಟ್ಟಿಯಾಗುವುದಿಲ್ಲ.

ತಿದ್ದುಪಡಿ ಹಾಕುವುದಾದರೆ ಹೆಚ್ಚು ಜಾಗ ಬೇಡ. ಮೊದಲ ಸಾಲನ್ನು ‘ಸು. 863, ಗ್ಲಾಗೊಲಿಟಿಕ್’ ಎಂದು ಮಾಡಿ, 862ರ ಹಿಂದೆಯೂ ‘ಸು.’ ಸೇರಿಸಿ, 1224ನ್ನು 1223 ಮಾಡಿ. ಕೊನೆಯ ಸಾಲಿನ ಇಸವಿಯನ್ನು ಮುಟ್ಟುವುದೇ ಬೇಡ. ವ್ಲಾದಿಮಿರ್ ತೆಗೆದು ಆ ಜಾಗದಲ್ಲಿ ರಿಯಾಜಾನ್ ಎಂದು ಹಾಕಿದರೆ 1237 ಸರಿಹೋಗುತ್ತದೆ.

ಇತಿ,
ನಿಮ್ಮ ಓದುಗ,
ಧಾರವಾಡ